ಒಂದು ಅಕ್ಷರಕ್ಕೆ ಸಾಕ್ಷಿ ಹುಡುಕಿದವರು

ಅವರು ಕಪ್ಪೆಯನ್ನು ಕೊಯ್ಯುವ ಮೊದಲು ಅದಕ್ಕೆ ಕೈ ಮುಗಿಯುತ್ತಿದ್ದರು ಎಂದು ನಮ್ಮ ಕಾಲೇಜಿನ ಹಳೆಯ ಹುಡುಗರು ಈಗಲೂ ಹೇಳುತ್ತಾರೆ. ಶುದ್ಧ ಸುಳ್ಳು. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಚಿಮಟ ಹಿಡಿದವರು ಕೈ ಮುಗಿಯುವುದಾದರೂ ಹೇಗೆ? ಅವರು ಪ್ರಯೋಗಶಾಲೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಅದನ್ನೇ ಹುಡುಗರು ಬೆಳೆಸಿದ್ದಾರೆ. ಒಮ್ಮೆ ನಾನೇ ಕೇಳಿದ್ದೆ: "ಏನ್ರಿ ಸರ್, ಇದೇನು ಕಪ್ಪಿ ಗುಡಿ ಏನು?"

"ಅಲ್ರಿ ಮೇಡಂ, ಹ್ವಾದ ವರ್ಷ ಔಷಧ ಚೆಲ್ಲಿ ಹೊಸಾ ಚಪ್ಪಲಿ ಹಾಳಾದೂ. ಕಾಲಿನ ಚರ್ಮ ಆದ್ರ ಮತ್ತ ಬರತೈತಿ," ಅಂದರು. ನಗಲಿಲ್ಲ. ತಮಾಷೆ ಮಾಡುವಾಗ ಅವರು ನಗುತ್ತಿರಲಿಲ್ಲ. ಹಾಗಾಗಿ ಹೊಸಬರಿಗೆ ಅವರು ಯಾವಾಗ ತಮಾಷೆ ಮಾಡುತ್ತಿದ್ದಾರೆ ಎಂಬುದೇ ತಿಳಿಯುತ್ತಿರಲಿಲ್ಲ.

ಬಾಗಲಕೋಟೆ ಬೇರೆ ಜಿಲ್ಲೆಯಾದ ಹೊಸದರಲ್ಲಿ ನಾವಿಬ್ಬರೂ ಜಮಖಂಡಿಯ ಆ ಕಾಲೇಜಿಗೆ ಒಂದೇ ವಾರ ಬಂದು ಸೇರಿದವರು. ಅವರದು ಪ್ರಾಣಿಶಾಸ್ತ್ರ, ನನ್ನದು ಕನ್ನಡ. ನಾನು ಮುಧೋಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿ ತೆವಳಿ ಬಂದು ನನ್ನ ಮೊದಲ ತಾಸು ತಪ್ಪಿದಾಗಲೆಲ್ಲ ಅವರೇ ನನ್ನ ತರಗತಿಗೆ ಹೋಗಿ ಕುಳಿತು, ಹುಡುಗರಿಗೆ ಜೇನುಹುಳದ ಕತೆಯನ್ನೋ ಹಾವಿನ ಕತೆಯನ್ನೋ ಹೇಳುತ್ತಿದ್ದರು. ನಾನು ಬಂದಾಗ ಹುಡುಗರ ಮುಖ ಸಪ್ಪಗಾಗುತ್ತಿತ್ತು. ಅದಕ್ಕೆ ನನಗೆ ಅವರ ಮೇಲೆ ಸಿಟ್ಟೂ ಇತ್ತು, ಋಣವೂ ಇತ್ತು.

ಅವರ ಹೆಸರು ನಾನು ಬರೆಯುವುದಿಲ್ಲ. ಅವರ ಹೆಂಡತಿ ಇನ್ನೂ ಇದ್ದಾರೆ. ಅವರಿಗೆ ಊರ ಕಣ್ಣು ಈಗಾಗಲೇ ಸಾಕಷ್ಟು ತಾಗಿದೆ. ಹುಡುಗರು ಬೆನ್ನ ಹಿಂದೆ 'ಕಪ್ಪಿ ಸರ್' ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ಎತ್ತರದ ಆಳು. ನಡಿಗೆ ಮಾತ್ರ ಊರಿನದಲ್ಲ, ಅಡವಿಯದು. ಕಾರಿಡಾರಿನಲ್ಲಿ ಅವರ ಜೊತೆ ಮಾತಾಡುತ್ತ ಹೋಗುವುದೆಂದರೆ ನಾವು ಓಡಬೇಕಾಗುತ್ತಿತ್ತು. ಗಲಗಲಿ ಕಡೆಯವರು, ಬೀರೇಶ್ವರನಿಗೆ ನಡೆದುಕೊಳ್ಳುವ ಕುರಿಗಾರರ ಮನೆತನ. ಹೊಳೆಯ ದಂಡೆಯ ಮೇವಿನ ನೆಲವೆಲ್ಲ ಹಿನ್ನೀರಿಗೆ ಹೋದ ಮೇಲೆ ತಂದೆ ಹಿಂಡು ಮಾರಿದರು. ಮನೆತನದ ಪಾಲಿಗೆ ಉಳಿದದ್ದು ಒಂದು ಕರಿ ಕಂಬಳಿ. ಚಳಿಗಾಲದಲ್ಲಿ ಅದನ್ನು ಹೊದ್ದುಕೊಂಡೇ ಅವರು ಕಾಲೇಜಿಗೆ ಬರುತ್ತಿದ್ದರು. ಪ್ಯಾಂಟು, ಬೂಟು, ಮೇಲೆ ಕಂಬಳಿ. ಪ್ರಾಂಶುಪಾಲರು ಒಮ್ಮೆ ಮುಖ ಸಿಂಡರಿಸಿದ್ದಕ್ಕೆ, "ಸ್ವೆಟರ್ ಏನು ಗಿಡದಾಗ ಬೆಳೀತೈತೇನ್ರಿ ಸರ್? ಅದೂ ಕುರೀದ," ಅಂದಿದ್ದರು.

ತಂದೆಯ ಹಿಂಡಿನ ವಿಷಯ ಅವರು ನನಗೆ ಹೇಳಿದ್ದು ಒಂದೇ ಸಲ. ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕುರಿಗಾರರು ಒಂದು ಹಿಂಡಿನಲ್ಲಿ ಒಂದೇ ಟಗರನ್ನು ಬಹಳ ವರ್ಷ ಇಟ್ಟುಕೊಳ್ಳುವುದಿಲ್ಲವಂತೆ. ಅದರ ಮರಿಗಳು ಬೆಳೆದು ಬೆದೆಗೆ ಬರುವ ಹೊತ್ತಿಗೆ ಅದನ್ನು ಬೇರೆ ಊರಿನ ಹಿಂಡಿಗೆ ಕೊಟ್ಟು, ಅಲ್ಲಿನ ಟಗರನ್ನು ತಂದುಕೊಳ್ಳುತ್ತಾರಂತೆ. ಇಲ್ಲದಿದ್ದರೆ ಕಾಲು ಸೊಟ್ಟಗಿನ, ಕಣ್ಣು ಮಬ್ಬಾದ ಮರಿ ಹುಟ್ಟುತ್ತವೆ.

"ನಮ್ಮಪ್ಪ ಸಾಲಿ ಕಟ್ಟಿ ಹತ್ತಿದಾಂವ ಅಲ್ರಿ. ಆದ್ರ ಟಗರ ಬದಲ ಮಾಡೂದು ಒಂದ ವರ್ಷನೂ ತಪ್ಪಿಸಲಿಲ್ಲ," ಅಂದರು. ಆಮೇಲೆ ಅಂದರು: "ಅದ ಅಪ್ಪನ ಮುಂದ ನಿಂತು ನನಗ ಅಕ್ಕನ ಮಗಳ್ನ ಮಾಡಿದ."

ಅದೊಂದು ವಿಶೇಷವೇನಲ್ಲ. ನಮ್ಮ ಕಡೆ ಎಲ್ಲ ಜಾತಿಯಲ್ಲೂ ಉಂಟು. ತಮ್ಮನಿಗೆ ಅಕ್ಕನ ಮಗಳು ಎಂದು ತೊಟ್ಟಿಲಲ್ಲೇ ಆಗಿಹೋಗಿರುತ್ತದೆ. ಅಕ್ಕನನ್ನು ಸಾವಳಗಿಗೆ ಕೊಟ್ಟಿದ್ದರು. ಅವಳಿಗೆ ಮಗಳು ಹುಟ್ಟಿದ ದಿನವೇ ಇವರ ತಾಯಿ ಮಾಯವ್ವ, "ನಮ್ಮ ಮನಿ ದೀಪ ನಮ್ಮ ಮನಿಗೇ ಬಂತು," ಅಂದಿದ್ದಳಂತೆ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದವರಿಗೆ ಮದುವೆಯ ಅಕ್ಕಿಕಾಳು ಕಾಯುತ್ತಿದ್ದವು. ರಕ್ತಸಂಬಂಧದ ಮದುವೆಯ ಅಪಾಯಗಳು ಎಂಬ ಪ್ರಶ್ನೆಗೆ ಅವರು ಆ ವರ್ಷದ ಪರೀಕ್ಷೆಯಲ್ಲೇ ಉದ್ದಕ್ಕೆ ಉತ್ತರ ಬರೆದಿದ್ದರು. "ಛಲೋ ಮಾರ್ಕ್ಸ್ ಬಿದ್ದಿದ್ದೂ ರೀ," ಎಂದು ನನ್ನ ಮುಂದೆ ಅಂದಾಗ ಎಂದಿನಂತೆ ನಗಲಿಲ್ಲ. ಇದು ತಮಾಷೆಯೋ ಅಲ್ಲವೋ ಎಂದು ಹಳಬಳಾದ ನನಗೂ ಆಗ ತಿಳಿಯಲಿಲ್ಲ.

ಹೆಂಡತಿ ಅವರನ್ನು 'ಮಾಮಾ' ಎಂದೇ ಕರೆಯುತ್ತಿದ್ದರು. ಸಣ್ಣವಳಿದ್ದಾಗ ಸೋದರಮಾವನನ್ನು ಕರೆದ ಹಾಗೆಯೇ, ಮದುವೆಯಾದ ಮೇಲೂ. ಎತ್ತರದ ದನಿ, ಬಾಯಿ ತುಂಬ ಮಾತು, ಗಂಡನಿಗಿಂತ ಹದಿನಾರಾಣೆ ಚುರುಕು. ಆ ಮನೆಗೆ ಹೋದರೆ ರೊಟ್ಟಿ, ಎಣ್ಣಿಗಾಯಿ ಪಲ್ಯ, ಶೇಂಗಾ ಹಿಂಡಿ ತಿನ್ನದೆ ಬಾಗಿಲು ದಾಟಲು ಬಿಡುತ್ತಿರಲಿಲ್ಲ. ಅವರಿಬ್ಬರೂ ಚೆನ್ನಾಗಿದ್ದರು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಮುಂದೆ ಬರೆಯುವುದನ್ನು ಓದಿದವರು ಬೇರೆ ಏನನ್ನೋ ಊಹಿಸಿಕೊಂಡಾರು. ನಾನು ಕಂಡ ಜೋಡಿಗಳಲ್ಲಿ ಅಷ್ಟು ಜಗಳಾಡಿ ಅಷ್ಟು ನಗುತ್ತಿದ್ದವರು ಬೇರೆ ಇಲ್ಲ.

ಒಬ್ಬಳೇ ಮಗಳು. ಅಜ್ಜಿಯ ಹೆಸರನ್ನೇ ಇಟ್ಟು ಮಾಯಾ ಎಂದು ಕರೆಯುತ್ತಿದ್ದರು. ಎರಡನೆಯ ಇಯತ್ತೆಯಲ್ಲಿ ಇರುವಾಗ ಅವಳು ಶಾಲೆಯ ಮೆಟ್ಟಿಲ ಮೇಲೆ ಮತ್ತೆ ಮತ್ತೆ ಬೀಳತೊಡಗಿದಳು. ನೆಲದ ಮೇಲೆ ಕೂತರೆ ಏಳುವಾಗ ತನ್ನ ತೊಡೆಯ ಮೇಲೆ ತಾನೇ ಕೈಯೂರಿ, ಮೈಯನ್ನು ಮೇಲಕ್ಕೆ ದಬ್ಬಿಕೊಂಡು ಏಳುತ್ತಿದ್ದಳು. ನಾವೆಲ್ಲ ಸೋಮಾರಿ ಹುಡುಗಿ ಎಂದು ಕಾಡಿಸಿದೆವು. ಅವರು ಮಾತ್ರ ಅದನ್ನು ಕಂಡ ದಿನ ಊಟ ಬಿಟ್ಟು ಎದ್ದರು. ಆ ಏಳುವ ರೀತಿಯ ಚಿತ್ರ ಅವರ ಪುಸ್ತಕದಲ್ಲಿ, ಸ್ನಾಯು ಸವೆಯುವ ರೋಗದ ಪಾಠದಲ್ಲಿತ್ತು.

ಮಿರಜಿನ ದವಾಖಾನೆಗೆ ಒಯ್ದರು. ಅಲ್ಲಿಂದ ದೊಡ್ಡ ಊರಿಗೆ. ರಕ್ತ ತೆಗೆದು ಎಲ್ಲಿಗೋ ಕಳಿಸಿದರು. ಬಹಳ ತಿಂಗಳ ಮೇಲೆ ಉತ್ತರ ಬಂತು. ಅದನ್ನು ಅವರು ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ್ದು ಹೀಗೆ. ಸ್ನಾಯುವನ್ನು ಕಟ್ಟಿ ಹಿಡಿಯುವ ಒಂದು ಪದಾರ್ಥ ಮೈಯಲ್ಲಿದೆ. ಅದನ್ನು ಹೇಗೆ ಮಾಡಬೇಕೆಂಬ ಬರಹ ನಮ್ಮ ಜೀನಿನಲ್ಲಿದೆ. ಆ ಉದ್ದನೆಯ ಬರಹದಲ್ಲಿ ಮಾಯಾಳಿಗೆ ಒಂದೇ ಒಂದು ಅಕ್ಷರ ಬೇರೆ. ಪ್ರತಿಯೊಬ್ಬರಲ್ಲೂ ಆ ಬರಹದ ಎರಡು ಪ್ರತಿ ಇರುತ್ತವೆ, ತಂದೆಯಿಂದೊಂದು, ತಾಯಿಯಿಂದೊಂದು. ಇವರಲ್ಲೂ ಇವರ ಹೆಂಡತಿಯಲ್ಲೂ ಒಂದು ಪ್ರತಿಯಲ್ಲಿ ಮಾತ್ರ ಆ ಬೇರೆ ಅಕ್ಷರ, ಇನ್ನೊಂದು ಸರಿಯಾದದ್ದು. ಆದ್ದರಿಂದ ಅವರಿಗೇನೂ ಆಗಿಲ್ಲ. ಮಾಯಾಳಿಗೆ ಎರಡೂ ಕಡೆಯಿಂದ ಬೇರೆಯದೇ ಬಂದಿದೆ. ಇಬ್ಬರಲ್ಲೂ ಒಂದೇ ಅಕ್ಷರ ಬೇರೆಯಾಗಲು ಕಾರಣವನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಅದು ಬಂದದ್ದು ಒಂದೇ ಮನೆಯಿಂದ: ಇವರಿಗೆ ಹೆತ್ತವರಿಂದ, ಆಕೆಗೆ ಇವರ ಅಕ್ಕನ ಮೂಲಕ.

ಆದರೆ ವೈದ್ಯರು ಇನ್ನೂ ಒಂದು ಮಾತು ಹೇಳಿದ್ದರು. ಈ ಅಕ್ಷರ ಇಲ್ಲಿಯವರೆಗೆ ಬೇರೆ ಯಾವ ರೋಗಿಯಲ್ಲೂ ಕಂಡಿಲ್ಲ. ಕಾಯಿಲೆಗೆ ಇದೇ ಕಾರಣವೋ, ಅಥವಾ ಇದು ಸುಮ್ಮನೆ ಇರುವ ಸಾಧು ವ್ಯತ್ಯಾಸವೋ, ಖಚಿತವಾಗಿ ಹೇಳಲಾರೆವು. ಇದೇ ಕಾರಣವಾಗಿದ್ದರೆ ಮುಂದೆ ಹುಟ್ಟುವ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಹೀಗಾಗುವ ಭಯವಿದೆ. ಖಚಿತವಾದರೆ ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಿ ನೋಡಬಹುದು.

ಆ ಹೆಣ್ಣುಮಗಳಿಗೆ ಇನ್ನೊಂದು ಮಗು ಬೇಕಿತ್ತು. ಇಡೀ ಕತೆ ಇಷ್ಟೇ. ಬೇರೆ ಎಲ್ಲ ಇದರ ಸುತ್ತ ತಿರುಗಿದ್ದು.

ಪಂಚಮಿಯ ದಿನ ಅವರ ಮನೆಗೆ ಹೋಗಿದ್ದೆ. ಮಾಯಾ ಒಳಗೆ ಮಲಗಿದ್ದಳು. ಅವಳ ಕಾಲಿಗೆ ಬೀರಪ್ಪನ ಭಂಡಾರ ಹಚ್ಚಿ ಮಾಯವ್ವ ಬದಿಯಲ್ಲಿ ಕೂತಿದ್ದಳು. "ಹಚ್ಚಲಿ ಬಿಡ್ರಿ, ಅರಿಷಿಣ ಒಳ್ಳೇದ," ಎಂದು ಅವರೇ ಅನ್ನುತ್ತಿದ್ದರು. ಉಂಡಿಯ ತಟ್ಟೆ ನನ್ನ ಮುಂದಿಟ್ಟು ಹೆಂಡತಿ ಮಾತು ತೆಗೆದರು.

"ಅಕ್ಕಾರ, ನೀವರ ಹೇಳ್ರಿ ಮಾಮಾಗ. ನನ್ನ ವಯಸ್ಸ ಏನು ನಿಲ್ಲತೈತೇನ್ರಿ?"

"ನಾ ಬ್ಯಾಡ ಅಂದೇನೇನು? ಖಾತ್ರಿ ಆಗಲಿ ಅಂದೇನಿ," ಅಂದರು ಅವರು. "ಖಾತ್ರಿ ಆದ್ರ ಮೂರನೇ ತಿಂಗಳಿಗಿ ತೋರಿಸಿ..."

"ತೋರಿಸಿ? ಮಾಯಾನಂಥದ್ದ ಇತ್ತಂದ್ರ ತೆಗಸ್ತೀರೇನು?" ದನಿ ತಗ್ಗಿಸಿ ಒಳಗೆ ಕಣ್ಣು ಹಾಯಿಸಿದರು. "ಆಕಿ ಮುಂದ ಹೆಂಗ ಹೇಳಲಿ ಮಾಮಾ? ನಿನ್ನಂಗ ಇತ್ತವಾ, ಅದಕ್ಕ ಬ್ಯಾಡಂದ್ವಿ ಅಂತ ಹೇಳಲ್ಯಾ? ನನಗ ಪರೀಕ್ಷಾ ಬ್ಯಾಡ. ಹೆಂಗ ಹುಟ್ಟತೈತಿ ಹಂಗ ಹುಟ್ಟಲಿ."

"ಇನ್ನೊಂದು ಕೂಸು ಹಿಂಗ ಬೀಳೂದನ್ನ ನಾ ನೋಡಲಾರೆ," ಅಂದರು ಅವರು. ಎದ್ದು ಹೊರಗೆ ಹೋದರು.

ಇಬ್ಬರ ಮಾತಿನಲ್ಲೂ ತಪ್ಪು ಎಲ್ಲಿದೆ? ನಾನು ಉಂಡಿ ಕೈಯಲ್ಲಿ ಹಿಡಿದು ಕೂತೆ. ಪರೀಕ್ಷೆಯಿಲ್ಲದೆ ಮಗು ಬೇಡವೆನ್ನುವ ಗಂಡ, ಪರೀಕ್ಷೆಯೇ ಬೇಡವೆನ್ನುವ ಹೆಂಡತಿ. ಇದರಿಂದ ಹೊರಬರಲು ಅವರಿಗೆ ಒಂದೇ ದಾರಿ ಉಳಿದಿತ್ತು: ಆ ಅಕ್ಷರ ನಿರಪರಾಧಿ ಎಂದು ತೋರಿಸುವುದು. ಹಾಗಾದರೆ ಮಾಯಾಳ ಕಾಯಿಲೆ ಬೇರೆ ಯಾವುದೋ, ಬಹುಶಃ ಔಷಧಕ್ಕೆ ಬಗ್ಗುವಂಥದ್ದು. ಮುಂದಿನ ಮಗುವಿಗೆ ಭಯವಿಲ್ಲ. ಪರೀಕ್ಷೆಯ ಮಾತೂ ಬರುವುದಿಲ್ಲ. ತಾವು ಅಕ್ಕನ ಮಗಳ ಕೈ ಹಿಡಿದದ್ದೂ ತಪ್ಪಾಗುವುದಿಲ್ಲ. ಈ ಕೊನೆಯದನ್ನು ಅವರು ಯಾವತ್ತೂ ಬಾಯಿ ಬಿಟ್ಟು ಅನ್ನಲಿಲ್ಲ.

ಅಲ್ಲಿಂದ ಅವರ ಡೇಟಾಬೇಸಿನ ಕಾಲ ಶುರುವಾಯಿತು. ಮೊದಮೊದಲು ಪೇಟೆಯ ಸೈಬರ್ ಕೆಫೆ, ಆಮೇಲೆ ಕಾಲೇಜಿಗೇ ಕಂಪ್ಯೂಟರ್ ಬಂದಾಗ ಅದರ ಮುಂದೆ. ಪಾಠ ಮುಗಿದ ಮೇಲೆ ಕಂಬಳಿಯನ್ನು ಕುರ್ಚಿಯ ಮೇಲೆ ಮಡಿಸಿ ಹಾಕಿ, ಅದರ ಮೇಲೆ ಕೂತುಬಿಡುತ್ತಿದ್ದರು. ಕರೆಂಟು ಹೋದರೆ ಬರುವವರೆಗೂ ಹಾಗೆಯೇ ಕತ್ತಲ ಪರದೆ ನೋಡುತ್ತ ಇರುತ್ತಿದ್ದರು.

"ಏನ್ರಿ ಇದು?" ಎಂದು ನಾನು ಕೇಳಿದಾಗ ತೋರಿಸಿದರು. ಪರದೆಯ ಮೇಲೆ ಸಾಲಿನ ಕೆಳಗೆ ಸಾಲು ಇಂಗ್ಲಿಷ್ ಅಕ್ಷರಗಳು. ಮೇಲಿನದು ಮನುಷ್ಯನ ಜೀನು, ಅದರ ಕೆಳಗೆ ಅದೇ ಜೀನು ಇಲಿಯಲ್ಲಿ ಹೇಗಿದೆ, ಕೋಳಿಯಲ್ಲಿ ಹೇಗಿದೆ, ಕಪ್ಪೆಯಲ್ಲಿ, ಮೀನಿನಲ್ಲಿ ಹೇಗಿದೆ. ಎಲ್ಲ ಒಂದೇ ಹಿರಿಯನಿಂದ ಬಂದವು, ಹಾಗಾಗಿ ಇವು ದಾಯಾದಿಗಳು. ಜಗತ್ತಿನ ಎಲ್ಲೆಲ್ಲಿಯವರೋ ಸೇರಿ ಈ ದಾಯಾದಿ ಜೀನುಗಳನ್ನೆಲ್ಲ ಹುಡುಕಿ ಒಂದೆಡೆ ಜೋಡಿಸಿ, ಬೇಕಾದವರು ನೋಡಿಕೊಳ್ಳಿ ಎಂದು ತೆರೆದಿಟ್ಟಿದ್ದಾರೆ.

ಇದೇ ಪಾಠವನ್ನು ಅವರು ತರಗತಿಯಲ್ಲೂ ಮಾಡಿದರು. ನಮ್ಮ ಹುಡುಗರಲ್ಲಿ ಅರ್ಧ ಮಂದಿ ರಬಕವಿ-ಬನಹಟ್ಟಿಯ ನೇಕಾರರ ಮನೆಯವರು. ಅವರಿಗೆ ಹೇಳಿದ ರೀತಿ ನನಗಿಷ್ಟ. ಸೀರೆಯ ಅಂಚಿನಲ್ಲಿ ಹೂವು ಮೂಡಿಸಲು ಮಗ್ಗದ ಮೇಲೆ ತೂತಿನ ರಟ್ಟು ನೇತುಹಾಕುತ್ತಾರಲ್ಲ, ಹಳೆಯದು ಸವೆದಾಗ ಅದನ್ನು ನೋಡಿ ಇನ್ನೊಂದು ಮಾಡುತ್ತಾರೆ, ಅದನ್ನು ನೋಡಿ ಮತ್ತೊಂದು. ಹೀಗೆ ಮಾಡುವಾಗ ಒಂದೆರಡು ತೂತು ಆಚೀಚೆ ಆಗಿಯೇ ಆಗುತ್ತವೆ. ಕೆಲವು ಆಚೀಚೆ ಆದರೂ ಯಾರಿಗೂ ಗೊತ್ತಾಗುವುದಿಲ್ಲ. "ಆದ್ರ ಇಳಕಲ್ಲಿಂದ ಬನಹಟ್ಟಿತನಾ ಎಲ್ಲಾ ರಟ್ಟಿನಾಗೂ ಒಂದು ತೂತು ಮಾತ್ರ ಒಂದ ಕಡೆ ಐತಿ ಅಂದ್ರ, ಅದಕ್ಕೇನು ಅರ್ಥ?" ಎಂದು ಕೇಳಿದರಂತೆ. ಬನಹಟ್ಟಿಯ ಒಬ್ಬ ಹುಡುಗಿ, "ಅದು ತಪ್ಪಿದ್ರ ಸೀರಿನ ಕೆಡತೈತ್ರಿ ಸರ್, ಕೆಟ್ಟ ಸೀರಿ ಪ್ಯಾಟಿಗಿ ಹೋಗಂಗಿಲ್ಲ," ಅಂದಳಂತೆ. ಅವರು ಬೆಲ್ಲು ಹೊಡೆಯುವ ಮುನ್ನವೇ ಹೊರಗೆ ಬಂದರು. ಆ ಹುಡುಗಿ ತನ್ನ ಉತ್ತರ ತಪ್ಪಾಯಿತೇ ಎಂದು ನನ್ನ ಹತ್ತಿರ ಬಂದು ಕೇಳಿದಳು. ಇಲ್ಲವ್ವ, ಸರಿಯಾಗೇ ಹೇಳಿದ್ದಿ ಅಂದೆ.

ಮಾಯಾಳ ಆ ಒಂದು ಅಕ್ಷರದ ಜಾಗದಲ್ಲಿ ಇಲಿಗೂ ಮನುಷ್ಯನದೇ ಅಕ್ಷರ. ಕೋಳಿಗೂ ಅದೇ. ಕಪ್ಪೆಗೂ, ಮೀನಿಗೂ ಅದೇ. ನನ್ನಂಥ ಕನ್ನಡ ಕಲಿಸುವವಳಿಗೇ ಅಲ್ಲಿಗೆ ವಿಷಯ ಮುಗಿದದ್ದು ತಿಳಿಯಿತು. ಅವರಿಗೆ ತಿಳಿಯದೆ ಇರುತ್ತದೆಯೇ? ಆದರೆ ಅವರು, "ಎಲ್ಲಾ ಪ್ರಾಣಿ ಇನ್ನೂ ಎಲ್ಲಿ ಬಂದಾವ್ರಿ? ಆರಾಮ ಇರೂ ಒಂದ ಒಂದು ಪ್ರಾಣಿ ನಮ್ಮ ಮಾಯಾನ ಅಕ್ಷರ ಇಟ್ಕೊಂಡು ಅಡ್ಡ್ಯಾಡತಿದ್ರ ಸಾಕು. ಅದ ಸಾಕ್ಷಿ," ಅಂದರು. ಕೆಲವು ತಿಂಗಳಿಗೊಮ್ಮೆ ಆ ಡೇಟಾಬೇಸಿನವರು ಹೊಸ ಪ್ರಾಣಿಗಳನ್ನು ಸೇರಿಸುತ್ತಿದ್ದರು. ಇವರು ಕಾಯುತ್ತಿದ್ದರು.

ಮಾಯಾಳಿಗೆ ಇದೆಲ್ಲ ಒಂದು ಆಟವಾಗಿತ್ತು: ತನ್ನ ಅಕ್ಷರದ ಪ್ರಾಣಿ ತನ್ನ ಕಡೆ, ಎಲ್ಲರ ಅಕ್ಷರದ್ದು ಅಪ್ಪನ ಕಡೆ. ಆಗ ಅವಳು ಗಾಲಿಕುರ್ಚಿಗೆ ಬಂದಿದ್ದಳು. ಅಪ್ಪ ಬಾಗಿಲಲ್ಲಿ ಕಾಲಿಡುತ್ತಲೇ, "ಅಪ್ಪಾ, ಇವತ್ತ ಯಾರ ಬಂದ್ರು?" ಎಂದು ಕೂಗುತ್ತಿದ್ದಳು.

"ಇವತ್ತ ಆನಿ ಬಂತವಾ."

"ನನ್ನ ಕಡೇನ, ನಿಮ್ಮ ಕಡೇನ?"

"ನಮ್ಮ ಕಡೆ."

"ಹೋಗ್ಲಿ ಬಿಡು. ಆನಿ ಕಾಲ ನಡುಗಿದ್ರ ಹೆಂಗ ಮತ್ತ?" ಎಂದು ತಾನೇ ಸಮಾಧಾನ ಹೇಳುತ್ತಿದ್ದಳು. ಹಸು, ಕುದುರೆ, ಹಂದಿ, ಬಾವಲಿ ಎಲ್ಲ ಬಂದವು. ಕುರಿ ಬರುವುದನ್ನು ಮಾತ್ರ ಅವರು ಬೇರೆ ರೀತಿಯಲ್ಲಿ ಕಾದರು. ಕುರಿ ನಮಗೆ ಮೋಸ ಮಾಡಲಾರದು ಎಂಬ ಒಂದು ಹುಚ್ಚು ನಂಬಿಕೆ. ವಿಜ್ಞಾನ ಓದಿದವರ ಒಳಗೂ ಇಂಥದ್ದು ಇರುತ್ತದೆ. ಕುರಿ ಬಂತು. ಕುರಿಯದೂ ಅದೇ ಅಕ್ಷರ. ಅಂದು ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕೂತು, "ಅದೂ ಹೋತ್ರಿ," ಎಂದಷ್ಟೇ ಅಂದರು.

ಈ ನಡುವೆ ವರ್ಷಗಳು ಉರುಳಿದ್ದವು. ಹೆಂಡತಿ ಕೇಳುವುದನ್ನು ನಿಲ್ಲಿಸಿರಲಿಲ್ಲ, ಆದರೆ ಕೇಳುವ ದನಿ ಬದಲಾಗಿತ್ತು. ಮೊದಲು ಜಗಳಾಡುತ್ತಿದ್ದರು. ಆಮೇಲೆ ಗಂಡ ಮನೆಗೆ ಬಂದಾಗ ಮುಖ ನೋಡಿ, ಏನೂ ಕೇಳದೆ ಚಹಾಕ್ಕೆ ಇಡುತ್ತಿದ್ದರು.

ಒಂದು ಮಧ್ಯಾಹ್ನ ನಾನು ತರಗತಿಯಲ್ಲಿದ್ದೆ. ಅವರು ಬಾಗಿಲಲ್ಲಿ ಬಂದು ನಿಂತರು, ಕಾಲಲ್ಲಿ ಚಪ್ಪಲಿಯಿಲ್ಲ. "ಸಿಕ್ತರಿ ಮೇಡಂ!" ಅಂದರು. ಇಡೀ ತರಗತಿ ಎದ್ದು ನಿಂತಿತು. ಅಮೆರಿಕದ ಕಡೆಯ, ನಮ್ಮ ಓತಿಕ್ಯಾತದ ನಂಟಿನ ಒಂದು ಹಲ್ಲಿ. ಆ ಜಾಗದಲ್ಲಿ ಅದಕ್ಕೆ ಮಾಯಾಳದೇ ಅಕ್ಷರ. ಗಿಡ ಹತ್ತುತ್ತದೆ, ಓಡುತ್ತದೆ, ಮರಿ ಮಾಡುತ್ತದೆ. ಏನೂ ಆಗಿಲ್ಲ.

ಸಂಜೆ ನಾನೂ ಅವರ ಮನೆಗೆ ಹೋದೆ. ಪೇಢೆ ತಂದಿದ್ದರು. "ಅಯ್ಯ, ಹುಲಿ ಸಿಂಹ ಎಲ್ಲಾ ಬಿಟ್ಟು ನನ್ನ ಕಡೆ ಹಲ್ಲೀನ?" ಎಂದು ಮಾಯಾ ನಕ್ಕಳು. ಅವಳಿಗೆ ನಗಲು ಉಸಿರು ಸಾಲುತ್ತಿರಲಿಲ್ಲ, ಆದರೂ ನಕ್ಕಳು. ಹೆಂಡತಿ ಒಳಗಿನ ಕೋಣೆಗೆ ಹೋದವರು ತಲೆ ಬಾಚಿ ಮಲ್ಲಿಗೆ ಮುಡಿದು ಹೊರಬಂದರು. ಗಂಡ ಅವರನ್ನು ನೋಡಿದರು. ನಾನು ಬಸ್ಸಿನ ಹೊತ್ತಾಯಿತು ಎಂದು ಎದ್ದುಬಿಟ್ಟೆ.

ಆ ವಾರ ಅವರು ಕಾರಿಡಾರಿನಲ್ಲಿ ಹಾಡು ಗುನುಗಿದ್ದನ್ನು ಕೇಳಿದವರಿದ್ದಾರೆ.

ಮುಂದಿನ ಸೋಮವಾರ ಸ್ಟಾಫ್ ರೂಮಿಗೆ ಬಂದು ನನ್ನ ಪಕ್ಕ ಕೂತರು. "ಹಲ್ಲಿಗಿ ಇನ್ನೊಂದು ಅಕ್ಷರನೂ ಬ್ಯಾರೆ ಐತ್ರಿ," ಅಂದರು. ನನಗೆ ಅರ್ಥವಾಗಲಿಲ್ಲ. "ಬಾಜೂದ್ದು. ನಾ ಮೊದಲ ನೋಡಿದ್ದಿಲ್ಲ. ಗೋಡಿ ಬಾಗಿದ್ರ ಕಟಗಿ ಆನಿಸಿ ನಿಲ್ಲಸತಾರ ನೋಡ್ರಿ, ಹಂಗ. ಒಂದು ಬಾಗೇತಿ, ಇನ್ನೊಂದು ಅದನ್ನ ಹಿಡಕೊಂಡೈತಿ. ನಮ್ಮ ಮಾಯಾಗ ಆ ಇನ್ನೊಂದಿಲ್ಲ."

"ಅಂದ್ರ?"

"ಅಂದ್ರ ಹಲ್ಲಿ ಸಾಕ್ಷಿ ನಡ್ಯಾಂಗಿಲ್ರಿ."

"ಮನ್ಯಾಗ ಹೇಳೀರೇನು?"

"ನಿನ್ನೆ ಹೇಳಿದೆ."

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಪ್ರಪಂಚದ ಯಾವ ಮೂಲೆಯ ಯಾರೂ ಕೇಳದಿದ್ದ ಒಂದು ಪ್ರಶ್ನೆಯನ್ನು ಈ ಮನುಷ್ಯ ತಾನೇ ಎತ್ತಿ, ತಾನೇ ಉತ್ತರ ಕೊಟ್ಟು, ಆ ಹೆಣ್ಣಿನ ತಲೆಯ ಮಲ್ಲಿಗೆಯನ್ನು ಕಿತ್ತಿದ್ದ. "ಒಂದ ವರ್ಷ ಬಾಯಿ ಮುಚ್ಕೊಂಡು ಇರಾಕ ಆಗ್ತಿರಲಿಲ್ಲೇನ್ರಿ ನಿಮಗ? ಒಂದ ವರ್ಷ!" ಎಂದು ಎಲ್ಲರ ಎದುರು ಕೂಗಿದೆ.

ಅವರು ನನ್ನನ್ನೇ ನೋಡಿದರು. "ಕೂಸು ಹುಟ್ಟಿ ಏಳೆಂಟು ವರ್ಷಕ್ಕ ಮೆಟ್ಟಿಲ ಮ್ಯಾಲ ಬಿದ್ರ, ಆಕಿಗಿ ಏನು ಹೇಳಲಿ ಮೇಡಂ? ನನಗ ಗೊತ್ತಿತ್ತು ಅನ್ನಲ್ಯಾ?" ಅಂದರು.

ನಾನು ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೊರಟೆ. ಅವರ ಮಾತು ಸರಿಯೆಂದು ಒಪ್ಪುತ್ತೇನೆ. ಆದರೆ ಆ ಸಿಟ್ಟೂ ಪೂರ್ತಿ ಹೋಗಿಲ್ಲ.

ಮರುವರ್ಷ ಅವರ ಹೆಂಡತಿಗೆ ರಕ್ತಸ್ರಾವ ಶುರುವಾಯಿತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ಬರುವುದೂ ಹೊಸದಲ್ಲ, ಇದಕ್ಕೆ ವೈದ್ಯರು ಹೇಳುವ ಪರಿಹಾರವೂ ಹೊಸದಲ್ಲ. ಆದರೂ ಇವರು ಮೂರು ಊರಿನ ದವಾಖಾನೆಗೆ ಅಲೆದಾಡಿ, ಬೇರೆ ದಾರಿಯಿದೆಯೇ ಎಂದು ಕೇಳಿದರು. ಇರಲಿಲ್ಲ. ಗರ್ಭಕೋಶ ತೆಗೆದರು. ದವಾಖಾನೆಗೆ ನಾನು ನೋಡಲು ಹೋದಾಗ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವರು ಕಾಲ ಬಳಿ ಕೂತು ಹೆಂಡತಿಯ ಪಾದ ಒತ್ತುತ್ತಿದ್ದರು. ಆ ಇಬ್ಬರನ್ನು ಮಾತಿಲ್ಲದೆ ನಾನು ಕಂಡದ್ದು ಅದೇ ಮೊದಲು.

ಮಾಯಾ ಒಂದು ಮಳೆಗಾಲದಲ್ಲಿ ಹೋದಳು. ಎದೆಯ ಸ್ನಾಯು ಸೋತು ಉಸಿರು ನಿಂತಿತು. ಅವಳ ಬಗ್ಗೆ ಹೆಚ್ಚು ಬರೆಯಲಾರೆ. ಅವಳಿಗೆ ನಾನು ಮನೆಗೇ ಹೋಗಿ ಕನ್ನಡ ಹೇಳಿಕೊಡುತ್ತಿದ್ದೆ. ಅಕ್ಷರ ದುಂಡಗೆ ಇದ್ದವು. ಕೈ ನಿಲ್ಲದ ಹಾಗಾದಾಗ ಬಾಯಲ್ಲಿ ಹೇಳಿ ನನ್ನಿಂದ ಬರೆಸುತ್ತಿದ್ದಳು, ನಾನು ತಪ್ಪು ಮಾಡಿದರೆ ಬೈಯುತ್ತಿದ್ದಳು.

ಮಗಳು ಹೋದ ಮೇಲೂ ಅವರು ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಈಗ ಯಾರಿಗಾಗಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮನೆಯಲ್ಲಿ ಯಾರು ಬಂದರೆಂದು ಕೇಳುವವರಿಲ್ಲ, ಆದರೂ ಹೊಸ ಪ್ರಾಣಿ ಬಂದಾಗ ನೋಡುತ್ತಿದ್ದರು. ಒಂದು ದಿನ ನನಗೆ, "ಇವತ್ತ ಆಮಿ ಬಂತ್ರಿ," ಅಂದರು. ಯಾವ ಕಡೆ ಎಂದು ಕೇಳಿದೆ. "ನಮ್ಮ ಕಡೆ," ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದರು. ಅವರ ನಡಿಗೆ ನಿಧಾನವಾಗಿತ್ತು. ನನಗೆ ಓಡಬೇಕಾಗಲಿಲ್ಲ.

ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವಾಗಲೇ ಅವರು ಹೋದರು. ಗಲಗಲಿಗೆ ಹೋಗುವ ಬಸ್ಸಿನಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಊರ ಹೊರಗಿನ ಹೊಲದಲ್ಲಿ, ಮಗಳ ಪಕ್ಕದಲ್ಲೇ ಮಣ್ಣು ಮಾಡಿದರು. ಕಾಲೇಜಿನ ಹುಡುಗರು ಎರಡು ಟೆಂಪೋ ತುಂಬ ಬಂದಿದ್ದರು. ಕಪ್ಪೆಗೆ ಕೈ ಮುಗಿಯುತ್ತಿದ್ದ ಕತೆಯನ್ನು ಅಲ್ಲಿಯೂ ಒಬ್ಬ ಹೇಳಿದ. ನಾನು ತಿದ್ದಲಿಲ್ಲ.

ದಿನಕರ್ಮ ಕಳೆದ ಮೇಲೆ ಒಬ್ಬಳೇ ಅವರ ಮನೆಗೆ ಹೋದೆ. ಆಕೆ ಚಹಾ ಮಾಡಿ ತಂದರು, ಎದುರಿಗೆ ಕೂತರು. "ಸರ್ ನಿಮ್ಮ ಸಲುವಾಗಿನ ಇಷ್ಟು ವರ್ಷ ಹುಡುಕಿದ್ರವಾ," ಅಂದೆ.

"ಗೊತ್ತೈತ್ರಿ ಅಕ್ಕಾರ. ಮಾಮಾನ ಮ್ಯಾಲ ನನಗ ಸಿಟ್ಟಿಲ್ಲ." ಸೆರಗಿನಿಂದ ಲೋಟದ ಅಂಚು ಒರೆಸಿದರು. "ಡಾಕ್ಟರ್ ನಾಕರಾಗ ಒಂದು ಅಂದ್ರಲಾ, ಮಾಮಾಗ ಕಡೀತನಾ ಆ ಒಂದ ಕಾಣತಿತ್ತು. ಬಿದ್ದಿದ್ದು, ಅಳೂದು. ನನಗ ಉಳದ ಮೂರು ಕಾಣತಿದ್ದೂ ರೀ."

ನಾನು ಲೋಟ ಕೆಳಗಿಟ್ಟೆ.

"ಎರಡ ಗಂಡು, ಒಂದ ಹೆಣ್ಣು. ದೊಡ್ಡಾಂವ ಮಾಮಾನಂಗ ಎತ್ತರ, ದಬದಬ ನಡೀತಿದ್ದ. ನಡಕಿನಾಂವ ಭಾಳ ತಿಂತಿದ್ದ. ಸಣ್ಣಾಕಿ ಅಕ್ಕನ ಕುರ್ಚಿ ದಬ್ಬೂದು ನಾನ ಅಂತ ಹಟಾ ಮಾಡತಿದ್ಲು. ರೊಟ್ಟಿ ಬಡಿಯುವಾಗ ನಾ ಅವರಿಗೂ ಲೆಕ್ಕಾ ಹಿಡೀತಿದ್ದೆ. ಯಾರಿಗೂ ಹೇಳಿಲ್ರಿ, ಹುಚ್ಚಿ ಅಂದಾರು ಅಂತ." ಬಾಗಿಲ ಕಡೆ ನೋಡಿದರು. "ಮೊನ್ನಿ ಮಣ್ಣ ಕೊಡುವಾಗ ಯಾರ್‍ಯಾರರ ಮಕ್ಕಳು ಬಂದು ಕೊಟ್ರು. ಆ ಮೂರೂ ಬಾಜೂಕ ನಿಂತು ನೋಡಾಕತ್ತಿದ್ದೂ ರೀ ಅಕ್ಕಾರ."